ಪಳೆಯುಳಿಕೆ ಶಿಲೀಂಧ್ರ: ಮೊದಲು ವಿವರ, ಆಮೇಲೆ ಹೆಸರು

ಸಂಡೂರಿನ ಮ್ಯಾಂಗನೀಸ್ ಗುಡ್ಡಗಳಲ್ಲಿ ಓಡಾಡುವವರಿಗೆ ಕಲ್ಲಿನ ಮೇಲೆ ಕವಲೊಡೆದ ಕಪ್ಪು ಚಿತ್ತಾರ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ನೋಡಿದರೆ ಬೂಸ್ಟೇ ಕಲ್ಲಾದಂತಿರುತ್ತದೆ. ಅದು ಡೆಂಡ್ರೈಟ್, ಬಿರುಕಿಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್. ಲೆನ್ಸ್ ಹಿಡಿದರೆ ಕೋಶವೂ ಕಾಣದು, ಅಡ್ಡಗೋಡೆಯೂ ಕಾಣದು. ಅಲ್ಲಿನ ಬಂಡೆ 250 ಕೋಟಿ ವರ್ಷಕ್ಕೂ ಹಿಂದಿನದು. ಸಸ್ಯದ ಅಂಗಾಂಶದೊಳಗೆ ಎಳೆ, ಬೀಜಕಗಳ (ಸ್ಪೋರ್) ಸಮೇತ ಚೆನ್ನಾಗಿ ಉಳಿದಿರುವ ಸ್ಕಾಟ್ಲೆಂಡಿನ ರೈನಿ ಚರ್ಟ್ (ಸಿಲಿಕಾದ ಗಟ್ಟಿ ಕಲ್ಲು) ಶಿಲೀಂಧ್ರಗಳಿಗೇ ಸುಮಾರು 40 ಕೋಟಿ ವರ್ಷ. ಹಾಗಾಗಿ ಡೆಂಡ್ರೈಟ್ ಕಲ್ಲಿಗೆ ಪಳೆಯುಳಿಕೆ ಶಿಲೀಂಧ್ರಗಳ ರಿಜಿಸ್ಟರಿನಲ್ಲಿ ನಂಬರ್ ಕೊಡಬೇಡಿ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ಶಿಲೀಂಧ್ರದ ಬೀಜಕ ಹುಡುಕಿ ಕೈ ಪಳಗಿಸಿಕೊಳ್ಳಲು ಒಳ್ಳೆಯದು ಹಳೆಯ ಕೆರೆಗಳ ತಳದ ಹೂಳು. ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ. 5 ಗ್ರಾಂ ಮಾದರಿಗೆ ಮೊದಲು 10% ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ನೊರೆ ಪೂರ್ತಿ ನಿಂತ ಮೇಲೆ ತೊಳೆಯಿರಿ. ಆಮೇಲೆ ಮರಳು, ಜೇಡಿ ಕರಗಿಸಲು ಪ್ಲಾಸ್ಟಿಕ್ ಬೀಕರಿನಲ್ಲಿ 40% ಹೈಡ್ರೋಫ್ಲೋರಿಕ್ ಆಮ್ಲ. ಸುಣ್ಣ ಉಳಿದಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಹರಳುಗಟ್ಟಿ ಸ್ಲೈಡನ್ನೆಲ್ಲ ಮುಚ್ಚಿಬಿಡುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗೆ ಇಳಿದು ಎಲುಬಿಗೂ ತಟ್ಟುವಂಥದ್ದು. ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್, ಆಮ್ಲ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಎರಡೂ ಇರುವ ಲ್ಯಾಬಿನಲ್ಲಿ ಮಾತ್ರ ಮುಟ್ಟಿ. ನೈಟ್ರಿಕ್ ಆಮ್ಲ ಬೇಡವೇ ಬೇಡ, ಬೀಜಕದ ಕಂದು ಬಣ್ಣ ಬಿಳಿಚುತ್ತದೆ. ಆ ಬಣ್ಣವೂ ಒಂದು ಗುರುತು. 10 ಮೈಕ್ರಾನ್ ಜರಡಿಯಲ್ಲಿ ಸಣ್ಣ ಬೀಜಕಗಳು ಸೋರಿಹೋಗುತ್ತವೆ, 5 ಮೈಕ್ರಾನಿನದು ಬಳಸಿ.

ಜರಡಿಯಲ್ಲಿ ಉಳಿದದ್ದನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿದ ಸ್ಲೈಡುಗಳನ್ನು ನಮ್ಮ ಬೇಸಿಗೆಯಲ್ಲಿ ನಿಲ್ಲಿಸಿಡಬಾರದು. 40 ಡಿಗ್ರಿ ದಾಟಿದ ದಿನ ಜೆಲ್ಲಿ ಮೆತ್ತಗಾಗಿ ಬೀಜಕಗಳು ಜರುಗುತ್ತವೆ, ಬರೆದಿಟ್ಟ ಸ್ಥಾನ ಸುಳ್ಳಾಗುತ್ತದೆ. ಟ್ರೇಯಲ್ಲಿ ಮಲಗಿಸಿಡಿ; ಶಾಶ್ವತವಾಗಿ ಇಡುವಂಥವನ್ನು ಕೆನಡಾ ಬಾಲ್ಸಮ್‌ನಲ್ಲಿ ಕೂರಿಸಿ.

ಸ್ಥಾನ ಬರೆಯುವುದರಲ್ಲೇ ಹೆಚ್ಚಿನ ಕ್ಯಾಟಲಾಗುಗಳು ಕೆಡುವುದು. ಬೀಜಕ ಎಲ್ಲಿದೆ ಎಂದು ತೋರಿಸುವ ಸ್ಟೇಜಿನ ವರ್ನಿಯರ್ (ಅಳತೆಪಟ್ಟಿ) ಅಂಕಿ ಆ ಒಂದು ಮೈಕ್ರೋಸ್ಕೋಪಿಗಷ್ಟೇ ಸರಿ. ಸ್ಲೈಡಿನ ಮೂಲೆಯಲ್ಲಿ ಡೈಮಂಡ್ ಪೆನ್ಸಿಲಿನಿಂದ ಸಣ್ಣ ಕೂಡುಗೆರೆ (+) ಗೀಚಿ, ಅದರ ಅಂಕಿಯನ್ನೂ ಪಕ್ಕದಲ್ಲಿ ಬರೆದರೆ ಬೇರೆಯವರು ವ್ಯತ್ಯಾಸ ಕಳೆದು ಅದೇ ಬೀಜಕಕ್ಕೆ ಬರಬಹುದು. ಲೇಬಲ್ ಯಾವ ಬದಿಗೆ ಇತ್ತು ಎಂಬುದನ್ನೂ ಬರೆಯಿರಿ.

ಇನ್ನು ವಿಂಗಡಣೆ. ಕೋಶ ಎಷ್ಟು, ರಂಧ್ರ ಎಷ್ಟು, ಗೋಡೆಯ ದಪ್ಪ, ಮೇಲ್ಮೈ, ಉದ್ದ ಅಗಲ, ಇಷ್ಟು ಬರೆಯುವವರೆಗೆ ಹೆಸರಿನ ಕಾಲಂ ಖಾಲಿ ಇರಲಿ. ಒಂದೇ ಕೋಶ, ರಂಧ್ರವಿಲ್ಲ: ಇನಾಪರ್ಟಿಸ್ಪೋರೈಟಿಸ್. ಒಂದೇ ಕೋಶ, ಒಂದು ರಂಧ್ರ: ಮೊನೋಪೋರಿಸ್ಪೋರೈಟಿಸ್. ಎರಡು ಕೋಶ, ರಂಧ್ರವಿಲ್ಲ: ಡೈಸೆಲೆಸ್ಪೋರೈಟಿಸ್. ಸಾಲಾಗಿ ಹಲವು ಕೋಶ, ರಂಧ್ರವಿಲ್ಲ: ಮಲ್ಟಿಸೆಲೆಸ್ಪೋರೈಟಿಸ್. ಇವೆಲ್ಲ ಆಕಾರ ನೋಡಿ ಮಾಡಿದ ಖಾನೆಗಳು, ಇವುಗಳಿಂದ ರಕ್ತಸಂಬಂಧ ತಿಳಿಯದು. ಕುಟುಂಬದ ಹೆಸರು ಬರೆಯಬೇಕಾದರೆ ಬೀಜಕ ಹುಟ್ಟುವ ಫಲಕಾಯವೋ ಆಶ್ರಯದ ಎಲೆಯೋ ಜೊತೆಗಿರಬೇಕು.

ಎಡವುವುದು ಮುರಿದ ಬೀಜಕಗಳಲ್ಲಿ. ನಾಲ್ಕು ಕೋಶದ್ದು ನಡುವೆ ತುಂಡಾದರೆ ಎರಡು ಕೋಶದವರ ಖಾನೆಗೆ ಬೀಳುತ್ತದೆ. ಎಣ್ಣೆ ಹಾಕಿ 1000 ಪಟ್ಟು ದೊಡ್ಡದು ಮಾಡಿ ತುದಿ ನೋಡಿ: ನಿಜವಾದ ರಂಧ್ರದ ಅಂಚು ನಯವಾಗಿ, ಎಷ್ಟೋ ಸಲ ಸುತ್ತ ದಪ್ಪಗೆ ಇರುತ್ತದೆ, ಮುರಿದದ್ದು ಹರಿದ ಜೋಳದ ರೊಟ್ಟಿಯಂತೆ. ದನಕರುಗಳ ಸಗಣಿಯಲ್ಲಿ ಬೆಳೆಯುವ ಸ್ಪೋರೋರ್ಮಿಯೆಲ್ಲಾ ಕೆರೆ ಹೂಳಿನಲ್ಲೂ ಬಿಡಿ ಬಿಡಿ ಕೋಶವಾಗಿಯೇ ಸಿಗುವುದು ಹೆಚ್ಚು. ಪ್ರತಿ ಕೋಶಕ್ಕೂ ಉದ್ದಕ್ಕೆ ಓರೆಯಾದ ಒಂದು ಸೀಳು. ತುದಿಯ ಕೋಶ ದುಂಡಗೆ, ನಡುವಿನದು ಪೀಪಾಯಿಯಂತೆ. ಎಣಿಸಿದ್ದು ಕೋಶವನ್ನೋ ಇಡೀ ಬೀಜಕವನ್ನೋ ಎಂದು ನಮೂದಿಸದಿದ್ದರೆ, ಒಂದು ಬೀಜಕಕ್ಕೆ ನಾಲ್ಕೋ ಹೆಚ್ಚೋ ಕೋಶ ಇರುವುದರಿಂದ, ಲೆಕ್ಕ ನಾಲ್ಕು ಪಟ್ಟಾದರೂ ಉಬ್ಬುತ್ತದೆ.

ಹಿಂಗಾರಿ ಜೋಳದ ರಾಶಿ ನಡೆಯುವಾಗ ಕಾಡಿಗೆ ರೋಗದ ಬೀಜಕ ಗಾಳಿಯಲ್ಲೇ ತೇಲುತ್ತಿರುತ್ತದೆ. ಜೆಲ್ಲಿ ಸವರಿದ ಖಾಲಿ ಸ್ಲೈಡೊಂದನ್ನು ಮೇಜಿನ ಮೇಲೆ ತೆರೆದಿಡಿ. ಅದರಲ್ಲಿ ಸಿಕ್ಕಿದ ಜಾತಿ ಮಾದರಿಯಲ್ಲೂ ಸಿಕ್ಕರೆ ಅನುಮಾನ ಎಂದು ಗುರುತು ಹಾಕಿ. ಒಳಗೆ ಜೀವರಸ ತುಂಬಿದ ಬಣ್ಣವಿಲ್ಲದ ಎಳೆ ಕಂಡರೆ ಹಸಿಯಾಗಿ ಕಟ್ಟಿಟ್ಟ ಚೀಲದಲ್ಲಿ ಮೊನ್ನೆ ಬೆಳೆದದ್ದು.

ಹೊಸ ಜಾತಿಯೇ ಎಂದು ಖಚಿತವಾದರೆ, 2013ರ ಜನವರಿ 1ರಿಂದ ಪಳೆಯುಳಿಕೆ ಶಿಲೀಂಧ್ರಕ್ಕೂ ಮೈಕೋಬ್ಯಾಂಕ್ ಅಥವಾ ಇಂಡೆಕ್ಸ್ ಫಂಗೋರಮ್‌ನಂಥ ಹೆಸರುಗಳ ಭಂಡಾರದ ನೋಂದಣಿ ಸಂಖ್ಯೆ ಮೂಲ ವಿವರಣೆಯಲ್ಲೇ ಇರಬೇಕು. ಚಿತ್ರ ಅದಕ್ಕೂ ಮೊದಲಿನಿಂದಲೇ ಕಡ್ಡಾಯ. ಟೈಪ್, ಅಂದರೆ ಹೊಸ ಹೆಸರು ಯಾವುದಕ್ಕೆ ಅಂಟಿಕೊಂಡಿದೆಯೋ ಅದು, ಒಂದೇ ಮಾದರಿ. ಚರ್ಟ್ ಕಲ್ಲನ್ನು ಸೀಳಿ ಸ್ಲೈಡ್ ಮಾಡಿದ್ದರೆ ವಿವರಣೆಗೆ ಬಳಸಿದ ಪ್ರತಿ ತುಂಡಿನ ಮೇಲೂ ಅದೇ ನಂಬರ್, ಪಕ್ಕದಲ್ಲಿ ಎ, ಬಿ, ಸಿ. ಉಳಿದ ಕಲ್ಲಿನ ಮೇಲೂ.