ಗ್ರೇಡ್ 8 ಆಯ್ತು, ಚೆಲ್ಲೊ ನುಡಿಸಿಯೇ ಬದುಕಬಹುದಾ?

ಚೆಲ್ಲೊ (ಕುಳಿತು ಮೊಣಕಾಲುಗಳ ನಡುವೆ ಇಟ್ಟು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಕಲಿಯುವ ಮಕ್ಕಳ ಅಪ್ಪ-ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ: "ಗ್ರೇಡ್ 8 ಪಾಸಾಗಿದೆ. ಮುಂದೆ ಯುರೋಪಿಗೆ ಹೋದರೆ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಗುತ್ತದಾ?"

ಸಿಗಬಹುದು, ಆದರೆ ಆ ಸರ್ಟಿಫಿಕೇಟ್ ನೋಡಿ ಅಲ್ಲ. ಗ್ರೇಡ್ 8 ಎಂದರೆ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳಲ್ಲಿ ಕೊನೆಯದು. ಅದು ಆದವರು ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ಶುರುಮಾಡಬಹುದು, ಅಷ್ಟೆ. ಅಲ್ಲಿಂದ ಕೆಲಸದವರೆಗೆ ಎಂಟು-ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಜರ್ಮನಿಯನ್ನೇ ತೆಗೆದುಕೊಳ್ಳೋಣ. ಸರ್ಕಾರದ ಹಣದಿಂದ ನಡೆಯುವ ಆರ್ಕೆಸ್ಟ್ರಾಗಳು ಅಲ್ಲಿ ನೂರಕ್ಕೂ ಹೆಚ್ಚಿವೆ, ಸಂಬಳ, ರಜೆ, ಪಿಂಚಣಿ ಎಲ್ಲ ಉಂಟು. ಒಂದು ಚೆಲ್ಲೊ ಕುರ್ಚಿ ಖಾಲಿಯಾದರೆ ಹಲವು ದೇಶಗಳಿಂದ ಅರ್ಜಿ ಬೀಳುತ್ತವೆ.

ಆಡಿಷನ್‌ನ (ನುಡಿಸಿ ತೋರಿಸುವ ಆಯ್ಕೆ ಪರೀಕ್ಷೆಯ) ಮೊದಲ ಸುತ್ತಿಗೆ ಹೆಚ್ಚಾಗಿ ಹೈಡನ್‌ನ ಡಿ ಮೇಜರ್ ಅಥವಾ ಸಿ ಮೇಜರ್ ಕನ್ಸರ್ಟೊ. ಕನ್ಸರ್ಟೊ ಎಂದರೆ ಒಬ್ಬ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ, ಇಲ್ಲಿ ಆರ್ಕೆಸ್ಟ್ರಾ ಬದಲು ಪಿಯಾನೊ. ಯಾರೆಂದು ಕಾಣದಂತೆ ಅನೇಕ ಕಡೆ ನುಡಿಸುವವರು ಪರದೆಯ ಹಿಂದೆ. ಡಿ ಮೇಜರ್‌ನಲ್ಲಿ ಎಡಗೈ ಹೆಬ್ಬೆರಳನ್ನು ತಂತಿಗಳ ಮೇಲೆ ಅಡ್ಡ ಇಟ್ಟು, ಮೇಲಿನ ಸ್ವರಗಳಲ್ಲೇ ಓಡಾಡಬೇಕು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕೇಳಿಸುತ್ತದೆ. ಇನ್ನೊಂದು ಸಂಗತಿ ನಮ್ಮವರಿಗೆ ಗೊತ್ತೇ ಇರುವುದಿಲ್ಲ: ಇಲ್ಲಿ 'ಎ' ಸ್ವರವನ್ನು 440 ಹರ್ಟ್ಸ್‌ಗೆ ಶ್ರುತಿ ಮಾಡಿ ಅಭ್ಯಾಸ, ಅಲ್ಲಿನ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ 443. ವ್ಯತ್ಯಾಸ ಸುಮಾರು 12 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್). ಹೋಗುವ ಮೊದಲೇ ಕೆಲವು ವಾರ 443ಕ್ಕೆ ಕಟ್ಟಿ ನುಡಿಸಿ ಕಿವಿಗೆ ಒಗ್ಗಿಸಿಕೊಳ್ಳಬೇಕು. ಎರಡನೇ ಸುತ್ತಿನಲ್ಲಿ ದ್ವೊರ್ಜಾಕ್, ಶೂಮನ್‌ರಂಥವರ ಕನ್ಸರ್ಟೊ.

ಇಷ್ಟರವರೆಗೆ ಬಂದವರು ಉದುರುವುದು ಕೊನೆಯ ಸುತ್ತಿನಲ್ಲಿ, ಸಿಂಫನಿಗಳ ಆಯ್ದ ತುಣುಕುಗಳಲ್ಲಿ. ಬೇಥೋವನ್‌ನ ಐದನೇ ಸಿಂಫನಿಯ ಎರಡನೇ ಭಾಗದ ಮೊದಲ ಹತ್ತು ಬಾರ್ (ತಾಳದ ಆವರ್ತದಂಥ ಭಾಗ) ನೋಡಿ. ನೋಡಲು ಸುಲಭ: ನಿಧಾನ ಗತಿ, ಮೆಲುದನಿ, ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಜೊತೆ ಒಂದೇ ರಾಗ. ಆದರೆ ಚುಕ್ಕಿ ಹಾಕಿದ ಸ್ವರಕ್ಕೂ ಅದರ ನಂತರ ಬರುವ ಚಿಕ್ಕ ಸ್ವರಕ್ಕೂ ಕಾಲ 3:1 ಇರಬೇಕು. ದನಿ ಹಿತವಾಗಿ ಬರಲಿ ಎಂದು ಗಮನವೆಲ್ಲ ಬೋ (ಕಮಾನು) ಮೇಲೆ ಹೋದಾಗ ಅದು ಸದ್ದಿಲ್ಲದೆ 2:1 ಆಗುತ್ತದೆ, ರಾಗ ತೂಗಾಡುತ್ತದೆ. ಅದೇ ರಾಗ 49ನೇ ಬಾರ್‌ನಿಂದ ದುಪ್ಪಟ್ಟು, 98ರಿಂದ ಇನ್ನೂ ದುಪ್ಪಟ್ಟು ಸ್ವರಗಳಾಗಿ ಬರುತ್ತದೆ. ಮೊದಲನೆಯದನ್ನು ಎಳೆದು ನುಡಿಸಿದವರಿಗೆ ಇಲ್ಲಿ ಗತಿ ಬದಲಿಸದೆ ಬೇರೆ ದಾರಿಯಿಲ್ಲ. ಆದ್ದರಿಂದ ಗತಿಯನ್ನು 98ನೇ ಬಾರ್‌ನಿಂದ ನಿರ್ಧರಿಸಿ, ಆಮೇಲೆ ಮೊದಲಿಗೆ ಬನ್ನಿ. ಮೆಟ್ರೊನೋಮ್ ಇಟ್ಟು ರೆಕಾರ್ಡ್ ಮಾಡಿ ಕೇಳಿ, ನುಡಿಸುವಾಗ ನಿಮ್ಮ ಕಿವಿ ನಿಮ್ಮನ್ನು ಹೊಗಳುತ್ತಲೇ ಇರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ? ದೊಡ್ಡ ಆರ್ಕೆಸ್ಟ್ರಾದಲ್ಲಿ ಹತ್ತು-ಹನ್ನೆರಡು ಚೆಲ್ಲೊ, ಇಬ್ಬರಿಗೆ ಒಂದು ಸ್ಟ್ಯಾಂಡ್. ಒಬ್ಬರ ದನಿ ಹೊರಗೆ ಚಾಚಿದರೂ ಇಡೀ ಸಾಲು ಕೆಡುತ್ತದೆ. ಮತ ಹಾಕುವವರೂ ಪಕ್ಕದಲ್ಲಿ ಕೂರಬೇಕಾದ ವಾದಕರೇ. ಗೆದ್ದ ಮೇಲೂ ಸಾಮಾನ್ಯವಾಗಿ ಒಂದು ವರ್ಷ ಪ್ರೊಬೇಷನ್, ಅದರ ಕೊನೆಗೆ ಮತ್ತೆ ಮತ. ತಪ್ಪು ಸ್ವರ ನುಡಿಸಿದವರಿಗಿಂತ ಹೆಚ್ಚಾಗಿ, ಮುಂದಿನ ಸ್ಟ್ಯಾಂಡಿನ ಬೋ ನೋಡದೆ ತನ್ನ ಪಾಡಿಗೆ ನುಡಿಸುವವರು ಆಗ ಹೊರಬೀಳುತ್ತಾರೆ.

ಸೋಲೊ ಕಲಾವಿದರಾಗುವ ಆಸೆಯಿದ್ದರೆ ಇರಲಿ, ಲೆಕ್ಕದಲ್ಲಿ ಮಾತ್ರ ಹಿಡಿಯಬೇಡಿ. ಬ್ರಿಟನ್ನಿನ ಚೆಲ್ಲೊ ವಾದಕ ಶೆಕು ಕ್ಯಾನೆ-ಮೇಸನ್ 2016ರಲ್ಲಿ ಬಿಬಿಸಿ ಯಂಗ್ ಮ್ಯುಸಿಷಿಯನ್ ಸ್ಪರ್ಧೆ ಗೆದ್ದಾಗ 17ರ ಹುಡುಗ. ಅಂಥವರು ಅಪರೂಪ. ಹೆಚ್ಚಿನವರ ಸಂಪಾದನೆ ಪಾಠ, ಚೇಂಬರ್ (ಸಣ್ಣ ಗುಂಪಿನ) ಸಂಗೀತ, ರೆಕಾರ್ಡಿಂಗ್, ಬೇರೆಯವರ ಬದಲಿಗೆ ನುಡಿಸಲು ಬರುವ ಕರೆಗಳನ್ನೆಲ್ಲ ಕೂಡಿಸಿ ಆಗುವಂಥದ್ದು. ಭಾರತದಲ್ಲಿ ಪೂರ್ಣ ವೃತ್ತಿಪರ ಸಿಂಫನಿ ಎಂದರೆ 2006ರಲ್ಲಿ ಮುಂಬೈನ ಕಲಾಕೇಂದ್ರ ಎನ್‌ಸಿಪಿಎಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅಲ್ಲೂ ಹೊರದೇಶದ ವಾದಕರು ಬಹಳ.

ಖರ್ಚಿನ ಮಾತು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಭಾರತೀಯ ವಿದ್ಯಾರ್ಥಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ, ಜೀವನ ವೆಚ್ಚ ಬೇರೆ. ವಿಮಾನದಲ್ಲಿ ಚೆಲ್ಲೊಗೂ ಒಂದು ಸೀಟು ಕೊಳ್ಳಬೇಕು, ಟಿಕೆಟ್ ಮಾಡಿಸುವಾಗಲೇ ಏರ್‌ಲೈನ್‌ಗೆ ಹೇಳಬೇಕು. ಪ್ರಯಾಣಕ್ಕೆ ಮೊದಲು ತಂತಿಗಳನ್ನು ಅರ್ಧ ಸ್ವರದಷ್ಟು ಸಡಿಲಿಸಿದರೆ ಸಾಕು. ಪೂರ್ತಿ ಬಿಚ್ಚಿದರೆ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್) ಬೀಳುತ್ತದೆ, ಒಳಗೆ ಹಲಗೆಗೆ ಆಸರೆಯಾಗಿರುವ ಸೌಂಡ್‌ಪೋಸ್ಟ್ ಎಂಬ ಕಡ್ಡಿ ಕೂಡ ಕಳಚಬಹುದು.

ಅಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದ ಕೋಣೆಯಲ್ಲಿ ತೇವಾಂಶ ಶೇ 30ಕ್ಕಿಂತ ಕೆಳಗಿಳಿಯಬಹುದು. ಚೆಲ್ಲೊಗೆ ಬೇಕಾದ್ದು ಶೇ 40ರಿಂದ 60. ಮರ ಕುಗ್ಗಿ ಬಿರಡೆಗಳು ಜಾರುತ್ತವೆ, ಅಂಚಿನ ಅಂಟು ಬಿಡುತ್ತದೆ. ಅಂಟು ಬಿಟ್ಟರೆ ಮತ್ತೆ ಹಚ್ಚಿಸಬಹುದು, ಮುಂಭಾಗದ ಹಲಗೆ ಸೀಳಿದರೆ ರಿಪೇರಿಗೆ ದೊಡ್ಡ ಖರ್ಚು. ಹಲಗೆ ತಗ್ಗಿ ತಂತಿ ಬೆರಳುಪಟ್ಟಿಗೆ ತಾಗಿ ಜುಮ್ಮೆನ್ನುವುದೂ ಉಂಟು, ಅದಕ್ಕೇ ಅನೇಕರು ಚಳಿಗಾಲಕ್ಕೆಂದು ಸ್ವಲ್ಪ ಎತ್ತರದ ಇನ್ನೊಂದು ಕುದುರೆ ಮಾಡಿಸಿಟ್ಟುಕೊಳ್ಳುತ್ತಾರೆ. ಕೇಸ್‌ನೊಳಗೆ ತೇವಾಂಶ ಅಳೆಯುವ ಮೀಟರ್ ಮತ್ತು ಕೋಣೆಗೆ ಹ್ಯುಮಿಡಿಫೈಯರ್ ಅಕ್ಟೋಬರ್‌ಗೆ ಮೊದಲೇ ತಂದಿಡಿ.