‘ಐ’ ತೋರಿಸಿದರೆ ‘ಈ’ ಅಂದ ಹುಡುಗ

ಕ್ಯಾಲಿಫೋರ್ನಿಯಾದ ಒಂದು ಪ್ರೀಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ನಮ್ಮ ಕ್ಲಾಸಿನಲ್ಲಿ ಜಾಸ್ತಿ ಮಕ್ಕಳ ಮನೆಮಾತು ಸ್ಪ್ಯಾನಿಷ್. ನಾನು ಕಾರ್ಡ್ ತೋರಿಸಬೇಕು, ಮಗು ಅಕ್ಷರದ ಹೆಸರು ಹೇಳಬೇಕು, ನಾನು ಸರಿ ತಪ್ಪು ಗುರುತು ಹಾಕಬೇಕು. 4 ವರ್ಷದ ಒಬ್ಬ ಹುಡುಗನಿಗೆ ಇಂಗ್ಲಿಷಿನ ‘ಏ’ ತೋರಿಸಿದೆ, ‘ಆ’ ಅಂದ. ‘ಈ’ ತೋರಿಸಿದೆ, ‘ಎ’ ಅಂದ. ‘ಐ’ಗೆ ‘ಈ’, ‘ಯೂ’ಗೆ ‘ಊ’. ಐದು ಸ್ವರಗಳಲ್ಲಿ ‘ಓ’ ಒಂದೇ ಸರಿ ಅಂತ ಬರೆದೆ. ಅಷ್ಟೇ ಅಲ್ಲ, ಸಂಜೆ ಅವನ ತಾಯಿಗೆ ‘ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಅಂತಲೂ ಹೇಳಿ ಕಳಿಸಿದೆ.

ಮಾರನೇ ದಿನ ಜೊತೆಗಿದ್ದ ಟೀಚರ್ ಆ ಹಾಳೆ ನೋಡಿದರು. ಅವರು ಮೆಕ್ಸಿಕೋದವರು. ‘ಸ್ಪ್ಯಾನಿಷ್‌ನಲ್ಲಿ ಇವನು ಹೇಳಿದ್ದೆಲ್ಲ ಸರಿ’ ಅಂದರು.

ನಿಜವೇ. ಸ್ಪ್ಯಾನಿಷ್‌ನಲ್ಲಿ ಸ್ವರದ ಹೆಸರೂ ಅದೇ, ಉಚ್ಚಾರವೂ ಅದೇ, ನಮ್ಮ ಹಾಗೆ. ಆಮೇಲೆ ಅವರು ಮಕ್ಕಳಿಗೆ ‘ಮ, ಮೆ, ಮಿ, ಮೊ, ಮು’ ಹೇಳಿಕೊಡುವುದನ್ನು ಪಕ್ಕದಲ್ಲಿ ಕೂತು ಕೇಳಿದೆ. ಕಾಗುಣಿತವೇ ಅಲ್ವಾ ಇದು! ಚಿಕ್ಕಂದಿನಲ್ಲಿ ಹಾಗೇ ಓದು ಕಲಿತ ನನಗೇ ಇದು ಹೊಳೆಯಲಿಲ್ಲವಲ್ಲ ಅಂತ ಬಹಳ ಬೇಜಾರಾಯಿತು.

ಇನ್ನೊಂದು ದಿನ ಚಿಟ್ಟೆಯ ಚಿತ್ರ ತೋರಿಸಿದಾಗ ಅದೇ ಹುಡುಗ ‘ಮಾ-ರಿ-ಪೋ-ಸಾ’ ಅಂತ ನಾಲ್ಕು ಚಪ್ಪಾಳೆ ತಟ್ಟಿದ, ‘ಬಟರ್‌ಫ್ಲೈ’ ಅಂದಾಗ ಯಾರೂ ಹೇಳಿಕೊಡದೆ ಮೂರೇ ತಟ್ಟಿ ನಿಲ್ಲಿಸಿದ. ಪದವನ್ನು ಕಿವಿಯಲ್ಲೇ ಬಿಡಿಸುವುದು ಓದಿಗೆ ಬುನಾದಿ, ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ನೆರವಾಗುತ್ತದೆ. ಇಂಗ್ಲಿಷ್ ಸ್ಪೆಲಿಂಗಿನ ತೊಡಕುಗಳನ್ನು ಅವನು ಬೇರೆಯಾಗಿ ಕಲಿಯಬೇಕು, ಅದು ಬೇರೆ ಕೆಲಸ.

ಈ ರಾಜ್ಯದಲ್ಲಿ 1998ರಲ್ಲಿ ಮತದಾರರು 227ನೇ ಪ್ರಸ್ತಾವ ಒಪ್ಪಿದ ಮೇಲೆ ಸರ್ಕಾರಿ ಶಾಲೆಗಳಲ್ಲಿ ಎರಡು ಭಾಷೆಯ ಪಾಠಕ್ಕೆ ಬಿಗಿ ಕಟ್ಟು ಬಿತ್ತು. 2016ರಲ್ಲಿ 58ನೇ ಪ್ರಸ್ತಾವ ಅದನ್ನು ಸಡಿಲಿಸಿತು. ಆದರೂ ನಾನು ಕೊಟ್ಟಂಥ ಸಲಹೆ ತಾಯಂದಿರಿಗೆ ಇವತ್ತಿಗೂ ಸಿಗುತ್ತಿದೆ, ಒಳ್ಳೆಯ ಮನಸ್ಸಿನವರಿಂದಲೇ.

ಆ ತಾಯಿಯನ್ನು ಮತ್ತೆ ಕರೆದು, ಟೀಚರ್ ಮೂಲಕ ಕ್ಷಮೆ ಕೇಳಿದೆ. ನಿಮ್ಮ ಭಾಷೆಯಲ್ಲೇ ಕಥೆ ಹೇಳಿ, ಹಾಡು ಹೇಳಿ ಅಂದೆ. ಅವರು ನಂಬಲಾರದೆ ಎರಡು ಸಲ ಕೇಳಿದರು.

ಈಗ ನನ್ನ ಹಾಳೆಯಲ್ಲಿ ಎರಡು ಕಾಲಂ ಇವೆ. ‘ಜೆ’ ತೋರಿಸಿದಾಗ ಮಗು ‘ಹೋತಾ’ ಅಂದರೆ ಸ್ಪ್ಯಾನಿಷ್ ಕಾಲಂನಲ್ಲಿ ಟಿಕ್ ಹಾಕುತ್ತೇನೆ.