ಬೇರೆ ಧ್ವಜದ ಹಡಗಿಗೆ ಆಫೀಸರ್ ಕಳಿಸುವಾಗ ಕಾಗದ ಎಲ್ಲಿ ಕೈಕೊಡುತ್ತದೆ

ಆಫೀಸರ್ ಬಳಿ ಪ್ರಮಾಣಪತ್ರವೇ ಇಲ್ಲ ಅಂತ ಹಡಗು ಬಂದರಿನಲ್ಲಿ ನಿಲ್ಲುವುದು ಅಪರೂಪ. ಪ್ರಮಾಣಪತ್ರ ಇರುತ್ತದೆ, ಅವಧಿಯೂ ಇರುತ್ತದೆ. ಇಲ್ಲದಿರುವುದು, ಹಡಗು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶ ಅದನ್ನು ಒಪ್ಪಿದೆ ಎನ್ನುವ ಕಾಗದ. ಅಥವಾ ಆ ಕಾಗದವೂ ಇರುತ್ತದೆ, ಆದರೆ ಬೇರೆ ಹುದ್ದೆಗೆ ಕೊಟ್ಟದ್ದು, ಹಳೇ ನಂಬರಿಗೆ ಅಂಟಿಕೊಂಡದ್ದು, ಕಳೆದ ತಿಂಗಳೇ ಮುಗಿದದ್ದು. ಹಡಗಿಗೆ ಸಿಬ್ಬಂದಿ ಕಳಿಸುವ ಕ್ರೂಯಿಂಗ್ ವಿಭಾಗದ ಮೇಜಿನ ಮೇಲೆ ಬರುವ ತಲೆನೋವಿನಲ್ಲಿ ಬಹುಪಾಲು ಇದೇ. ಕಾರಣವೂ ಒಂದೇ: ಎಲ್ಲರೂ ಕಾಗದಗಳನ್ನು ಆಫೀಸರ್‌ನ ಫೈಲಿನಿಂದ ಓದಲು ಶುರು ಮಾಡುತ್ತಾರೆ. ಓದಬೇಕಾದ್ದು ಹಡಗಿನ ಕಡೆಯಿಂದ.

ಹಡಗಿನ ಕಡೆಯಿಂದ ಅಂದರೆ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಸೇಫ್ ಮ್ಯಾನಿಂಗ್ ಡಾಕ್ಯುಮೆಂಟ್, ಹಡಗಿನಲ್ಲಿ ಕನಿಷ್ಠ ಯಾವ ಹುದ್ದೆಯಲ್ಲಿ ಎಷ್ಟು ಜನ ಇರಬೇಕು ಅಂತ ಧ್ವಜ ರಾಷ್ಟ್ರ ಕೊಡುವ ದಾಖಲೆ. ಯಾವ ಹುದ್ದೆಗೆ, ನಾವಿಕರ ತರಬೇತಿ ಮತ್ತು ಪ್ರಮಾಣಪತ್ರದ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯೂನ ಯಾವ ನಿಯಮದ ಪ್ರಮಾಣಪತ್ರ ಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅದರ ಪಕ್ಕ ಹಡಗಿನ ಗ್ರಾಸ್ ಟನ್ನೇಜ್, ಮುಖ್ಯ ಎಂಜಿನ್ನಿನ ಬಗೆ ಮತ್ತು ಕಿಲೋವಾಟ್, ಸರಕಿನ ಬಗೆ, ಸಂಚಾರದ ವ್ಯಾಪ್ತಿ ಬರೆದುಕೊಳ್ಳಿ. ಈ ಹಾಳೆ ಸಿದ್ಧವಾದ ಮೇಲಷ್ಟೇ ಆಫೀಸರ್‌ನ ಫೈಲು ತೆರೆಯಿರಿ.

ಹಿನ್ನೆಲೆ ಚಿಕ್ಕದು. ಎಸ್‌ಟಿಸಿಡಬ್ಲ್ಯೂ 1978ರ ಒಪ್ಪಂದ. ಈಗ ನಡೆಯುತ್ತಿರುವುದು 2010ರ ಮನಿಲಾ ತಿದ್ದುಪಡಿಗಳ ರೂಪ, 2012ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ದೇಶ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ದೇಶ ಒಪ್ಪುವ ವಿಧಾನ ಅದರ ನಿಯಮ 1/10ರಲ್ಲಿದೆ. ಧ್ವಜ ರಾಷ್ಟ್ರ ಆ ಇನ್ನೊಂದು ದೇಶದ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಕೊಡುವ ಪದ್ಧತಿಯನ್ನು ಪರಿಶೀಲಿಸಬೇಕು. ಆಮೇಲೆ ಎರಡೂ ದೇಶಗಳ ನಡುವೆ ಒಪ್ಪಂದ ಆಗಬೇಕು, ಪದ್ಧತಿಯಲ್ಲಿ ದೊಡ್ಡ ಬದಲಾವಣೆ ಆದರೆ ತಕ್ಷಣ ತಿಳಿಸುತ್ತೇವೆ ಎಂಬ ಮಾತೂ ಅದರಲ್ಲಿರಬೇಕು.

ಇಲ್ಲೇ ಮೊದಲ ತಪ್ಪು ತಿಳಿವಳಿಕೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಒಪ್ಪಂದವನ್ನು ಪೂರ್ತಿ ಪಾಲಿಸುವ ದೇಶಗಳ ಪಟ್ಟಿಯೊಂದನ್ನು ಇಟ್ಟಿದೆ, ಎಲ್ಲರೂ ಅದನ್ನು ವೈಟ್ ಲಿಸ್ಟ್ ಅನ್ನುತ್ತಾರೆ. ‘ನಮ್ಮ ದೇಶ ವೈಟ್ ಲಿಸ್ಟಿನಲ್ಲಿದೆ, ಹಾಗಾಗಿ ಯಾವ ಧ್ವಜಕ್ಕಾದರೂ ನಡೆಯುತ್ತದೆ’ ಅನ್ನುವ ಮಾತು ತಪ್ಪು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾವ ಧ್ವಜವೂ ಒಪ್ಪಲೇಬೇಕಿಲ್ಲ. ನಿಮ್ಮ ಆಫೀಸರ್‌ಗೆ ಪ್ರಮಾಣಪತ್ರ ಕೊಟ್ಟ ದೇಶ ಮತ್ತು ನಿಮ್ಮ ಹಡಗಿನ ಧ್ವಜ, ಈ ಜೋಡಿಯ ನಡುವೆ ಒಪ್ಪಂದ ಇದೆಯೋ ಅಂತ ಧ್ವಜ ಆಡಳಿತದ ಈಗಿನ ಪಟ್ಟಿಯಲ್ಲೇ ನೋಡಬೇಕು. ಹೋದ ವರ್ಷ ಇಳಿಸಿಕೊಂಡ ಪಟ್ಟಿ ಸಾಲದು.

ಯಾವ ಕಾಗದಕ್ಕೆ ಮಾನ್ಯತೆ ಬೇಕು, ಯಾವುದಕ್ಕೆ ಬೇಡ ಎನ್ನುವಲ್ಲಿ ಹಣವೂ ಸಮಯವೂ ಸುಮ್ಮನೆ ಹೋಗುತ್ತದೆ. ಒಪ್ಪಂದದ ಪ್ರಕಾರ ಮಾನ್ಯತೆ ಎಂಡಾರ್ಸ್‌ಮೆಂಟ್, ಅಂದರೆ ಧ್ವಜ ಒಪ್ಪಿದೆ ಎನ್ನುವ ಆ ಕಾಗದ, ಬೇಕಾದದ್ದು ಮಾಸ್ಟರ್ (ಕ್ಯಾಪ್ಟನ್), ಆಫೀಸರ್ ಮತ್ತು ಜಿಎಂಡಿಎಸ್ಎಸ್ (ಕಡಲ ತುರ್ತು ರೇಡಿಯೋ ವ್ಯವಸ್ಥೆ) ಆಪರೇಟರ್‌ಗಳ ಸಾಮರ್ಥ್ಯ ಪ್ರಮಾಣಪತ್ರಕ್ಕೆ, ಅಂದರೆ ಸಿಒಸಿಗೆ. ಇವುಗಳ ಜೊತೆಗೆ, ಮಾಸ್ಟರ್ ಮತ್ತು ಆಫೀಸರ್‌ಗಳಿಗೆ ನಿಯಮ 5/1-1 ಮತ್ತು 5/1-2ರಡಿ ಕೊಟ್ಟ ಟ್ಯಾಂಕರ್ ಪ್ರಮಾಣಪತ್ರಕ್ಕೆ, ಅಂದರೆ ಎಣ್ಣೆ, ರಾಸಾಯನಿಕ, ದ್ರವೀಕೃತ ಅನಿಲದ ಹಡಗುಗಳದ್ದಕ್ಕೆ. ಅಷ್ಟೇ. ಮೂಲ ಸುರಕ್ಷತಾ ತರಬೇತಿ, ಮುಂದುವರಿದ ಅಗ್ನಿಶಾಮಕ, ಪ್ರಯಾಣಿಕ ಹಡಗು, ಧ್ರುವ ಪ್ರದೇಶದ ಜಲಯಾನ, ಗ್ಯಾಸ್ ಇಂಧನದ ಹಡಗಿನ ತರಬೇತಿ, ಇವಕ್ಕೆ ಒಪ್ಪಂದ ಮಾನ್ಯತೆ ಎಂಡಾರ್ಸ್‌ಮೆಂಟ್ ಕೇಳುವುದಿಲ್ಲ. ಮೂಲ ಪ್ರಮಾಣಪತ್ರ ಹಡಗಿನಲ್ಲಿದ್ದರೆ ಸಾಕು. ಆದರೆ ಒಪ್ಪಂದ ಕೇಳದ್ದನ್ನು ಧ್ವಜ ತನ್ನ ಕಾನೂನಿನಲ್ಲಿ ಕೇಳಬಹುದು. ಕೆಲವು ಧ್ವಜಗಳು ತಮ್ಮದೇ ಸೀಮನ್ ಬುಕ್, ತಮ್ಮದೇ ವೈದ್ಯಕೀಯ ನಮೂನೆ ಬೇಕು ಅನ್ನುತ್ತವೆ. ಅದನ್ನು ಒಪ್ಪಂದದಲ್ಲಿ ಹುಡುಕಿದರೆ ಸಿಗದು, ಧ್ವಜದ ಸರ್ಕ್ಯುಲರ್‌ಗಳಲ್ಲಿ ಸಿಗುತ್ತದೆ.

ಇವುಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಎರಡು. ಒಂದು ಜಿಎಂಡಿಎಸ್ಎಸ್: ಹಲವು ದೇಶಗಳಲ್ಲಿ ಇದನ್ನು ಕೊಡುವುದು ಕಡಲ ಇಲಾಖೆಯಲ್ಲ, ರೇಡಿಯೋ ತರಂಗಗಳನ್ನು ನೋಡಿಕೊಳ್ಳುವ ಇಲಾಖೆ. ಸಿಒಸಿಗೆ ಅರ್ಜಿ ಹಾಕಿದವರು ಇದೂ ಅದರೊಳಗೇ ಬಂತು ಅಂದುಕೊಳ್ಳುತ್ತಾರೆ. ಎರಡನೆಯದು ಟ್ಯಾಂಕರ್‌ನದು: ಚೀಫ್ ಮೇಟ್ (ಮಾಸ್ಟರ್ ನಂತರದ ಡೆಕ್ ಆಫೀಸರ್) ಆಗಿ ಮಾನ್ಯತೆ ಬಂದಿರುತ್ತದೆ, ಸರಕಿನ ಹೊಣೆ ಹೊರಲು ಬೇಕಾದ ಅಡ್ವಾನ್ಸ್ಡ್ ಟ್ಯಾಂಕರ್ ಪ್ರಮಾಣಪತ್ರದ ಮಾನ್ಯತೆ ಮಾತ್ರ ಬಂದಿರುವುದಿಲ್ಲ.

ಇನ್ನು ದಿನಾಂಕ. ಮಾನ್ಯತೆ ಎಂಡಾರ್ಸ್‌ಮೆಂಟಿಗೆ ತನ್ನದೇ ಆಯುಸ್ಸಿಲ್ಲ. ಗರಿಷ್ಠ 5 ವರ್ಷ, ಆದರೆ ಮೂಲ ಪ್ರಮಾಣಪತ್ರ ಮುಗಿದ ದಿನವೇ ಇದೂ ಮುಗಿಯುತ್ತದೆ. ಕೊಟ್ಟ ದೇಶ ಮೂಲವನ್ನು ರದ್ದು ಮಾಡಿದರೆ ಅಥವಾ ಅಮಾನತಿನಲ್ಲಿಟ್ಟರೆ ಆ ಕ್ಷಣವೇ ಇದೂ ಬಿದ್ದುಹೋಗುತ್ತದೆ. ಸಿಒಸಿ 2027ರ ಮಾರ್ಚ್ 14ರವರೆಗೆ ಇದ್ದು, ಮಾನ್ಯತೆಯನ್ನು 2025ರ ಜೂನ್ 10ರಂದು ಕೊಟ್ಟಿದ್ದರೆ, ಮಾನ್ಯತೆಯೂ 2027ರ ಮಾರ್ಚ್ 14ಕ್ಕೇ ಕೊನೆ. ಅದೇ ಆಫೀಸರ್ 2026ರ ನವೆಂಬರ್ 20ಕ್ಕೆ 6 ತಿಂಗಳ ಕರಾರಿನಲ್ಲಿ ಹಡಗು ಹತ್ತಿದರೆ, ನಡು ಸಮುದ್ರದಲ್ಲಿ ಎರಡೂ ಒಟ್ಟಿಗೆ ಮುಗಿಯುತ್ತವೆ. ವೈದ್ಯಕೀಯ ಪ್ರಮಾಣಪತ್ರ ಪ್ರಯಾಣದ ಮಧ್ಯೆ ಮುಗಿದರೆ, ಮಾನ್ಯತೆ ಪಡೆದ ವೈದ್ಯರು ಸಿಗುವ ಮುಂದಿನ ಬಂದರಿನವರೆಗೆ, ಗರಿಷ್ಠ 3 ತಿಂಗಳು, ಒಪ್ಪಂದವೇ ರಿಯಾಯಿತಿ ಕೊಡುತ್ತದೆ. ಸಿಒಸಿಗೆ ಅಂಥ ರಿಯಾಯಿತಿ ಇಲ್ಲ. ಈ ಎರಡನ್ನು ಕಲಸಿಕೊಂಡವರು ಬಹಳ.

ಹಾಗಾಗಿ ಕರಾರಿನ ಕೊನೆಯ ದಿನಕ್ಕೆ ಒಂದೆರಡು ತಿಂಗಳು ಸೇರಿಸಿ, ಬದಲಿಗೆ ಬರುವ ರಿಲೀವರ್ ತಡವಾಗುವುದು ಮಾಮೂಲು, ಆ ದಿನದವರೆಗೆ ಸಿಒಸಿ ಇದೆಯೇ ಅಂತ ನೋಡಿ. ಇಲ್ಲವಾದರೆ ಮೊದಲು ಸಿಒಸಿ ನವೀಕರಣ, ಆಮೇಲೆ ಮಾನ್ಯತೆ. ಹಿಂದುಮುಂದಾಗಿ ಮಾಡಿದರೆ ಶುಲ್ಕ ಎರಡು ಸಲ ಕಟ್ಟಬೇಕು. ನವೀಕರಣಕ್ಕೆ ಸಮುದ್ರ ಸೇವೆಯ ಲೆಕ್ಕ ಕಳೆದ 5 ವರ್ಷದಲ್ಲಿ 12 ತಿಂಗಳು, ಅಥವಾ ನವೀಕರಣದ ಹಿಂದಿನ 6 ತಿಂಗಳಲ್ಲಿ 3 ತಿಂಗಳು. ಟ್ಯಾಂಕರ್ ಪ್ರಮಾಣಪತ್ರಕ್ಕೆ ಕಳೆದ 5 ವರ್ಷದಲ್ಲಿ ಟ್ಯಾಂಕರ್ ಮೇಲೇ 3 ತಿಂಗಳು.

ನವೀಕರಣದಲ್ಲಿ ಇನ್ನೊಂದು ಬಲೆ ಇದೆ. ಮಾನ್ಯತೆ ಪತ್ರ ‘ಇಂಥ ನಂಬರಿನ ಪ್ರಮಾಣಪತ್ರವನ್ನು ಒಪ್ಪಿದ್ದೇವೆ’ ಅನ್ನುತ್ತದೆ, ವ್ಯಕ್ತಿಯನ್ನಲ್ಲ. ಕೆಲವು ದೇಶಗಳು ನವೀಕರಿಸುವಾಗ ಹೊಸ ನಂಬರ್ ಕೊಡುತ್ತವೆ. ಆಗ ಕೈಯಲ್ಲಿರುವ ಮಾನ್ಯತೆ, ದಿನಾಂಕ ಇನ್ನೂ ಉಳಿದಿದ್ದರೂ, ಈಗ ಚಾಲ್ತಿಯಲ್ಲೇ ಇಲ್ಲದ ಪ್ರಮಾಣಪತ್ರವನ್ನು ತೋರಿಸುತ್ತಿರುತ್ತದೆ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನಂಬರನ್ನು ಅಕ್ಷರಕ್ಕೆ ಅಕ್ಷರ ಓದಿ ನೋಡಿ. ಬಂದರಿನ ಇನ್‌ಸ್ಪೆಕ್ಟರ್ ಮಾಡುವುದೂ ಅದನ್ನೇ.

ಹುದ್ದೆ ಮತ್ತು ಮಿತಿಗಳ ಕಾಲಂ ಅದರ ಕೆಳಗೇ ಇರುತ್ತದೆ, ಯಾರೂ ಓದುವುದಿಲ್ಲ. ಮಾನ್ಯತೆ ಮೂಲ ಪ್ರಮಾಣಪತ್ರಕ್ಕಿಂತ ಕಿರಿದಾಗಬಹುದು, ಹಿಗ್ಗಲಾರದು. ಮಿತಿ ಎಳೆಯುವುದು ಡೆಕ್ಕಿನಲ್ಲಿ 500 ಮತ್ತು 3,000 ಗ್ರಾಸ್ ಟನ್ನೇಜಿನ ಗೆರೆಗಳು, ಎಂಜಿನ್ನಿನಲ್ಲಿ 750 ಮತ್ತು 3,000 ಕಿಲೋವಾಟಿನ ಗೆರೆಗಳು. ಇಸಿಡಿಐಎಸ್, ಅಂದರೆ ಎಲೆಕ್ಟ್ರಾನಿಕ್ ಕಡಲ ನಕ್ಷೆಯ ಉಪಕರಣದ ತರಬೇತಿ ಇಲ್ಲದ ಆಫೀಸರ್‌ನ ಕಾಗದದಲ್ಲಿ ಆ ಉಪಕರಣವಿರುವ ಹಡಗಿಗೆ ಸಲ್ಲ ಎಂಬ ಮಿತಿ ಇರುತ್ತದೆ. ಈಗ ಆ ಉಪಕರಣವಿಲ್ಲದ ದೊಡ್ಡ ವ್ಯಾಪಾರಿ ಹಡಗು ಹುಡುಕುವುದೇ ಕಷ್ಟ. ಎಂಜಿನಿಯರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಎಡವಟ್ಟು, ಮೋಟಾರ್ ಹಡಗಿಗೆ ಮಾತ್ರ ಎಂದು ಬರೆದ ಸಿಒಸಿ ಹಿಡಿದು ಸ್ಟೀಮ್ ಟರ್ಬೈನ್‌ನ ಹಳೇ ಎಲ್‌ಎನ್‌ಜಿ ಹಡಗಿಗೆ ಹೊರಡುವುದು. ಕಿಲೋವಾಟ್ ಸರಿ, ದರ್ಜೆ ಸರಿ, ಎಂಜಿನ್ನೇ ಬೇರೆ.

ಮಾನ್ಯತೆ ಬರುವ ಮುನ್ನವೇ ದುಡಿಯಲು ಬಿಡುವ ಮೂರು ತಿಂಗಳ ಸೌಲಭ್ಯದ ಬಗ್ಗೆ ಕೊಂಚ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನವರು ಇದನ್ನೇ ದಾರಿ ಅಂದುಕೊಂಡಿದ್ದಾರೆ. ಪರಿಸ್ಥಿತಿ ಬೇಡಿದರೆ, ಮಾನ್ಯತೆ ಕೈಗೆ ಬರುವ ಮೊದಲೇ ಆಫೀಸರ್ 3 ತಿಂಗಳು ಮೀರದಂತೆ ದುಡಿಯಲು ಧ್ವಜ ಅವಕಾಶ ಕೊಡಬಹುದು ಎನ್ನುತ್ತದೆ ನಿಯಮ 1/10. ಕೊಡಬಹುದು, ಅಷ್ಟೇ. ಅರ್ಜಿ ಸಲ್ಲಿಸಿದ ದಾಖಲೆ ಹಡಗಿನಲ್ಲಿ ಕೈಗೆಟುಕುವಂತಿರಬೇಕು. ಕೆಲವು ಧ್ವಜಗಳಲ್ಲಿ ಇದನ್ನು ಸಿಆರ್‌ಎ ಅನ್ನುತ್ತಾರೆ, ಅರ್ಜಿ ತಲುಪಿದ್ದಕ್ಕೆ ಧ್ವಜ ಕೊಡುವ ರಶೀದಿ. ಏಜೆಂಟ್ ಕಳಿಸಿದ ಇಮೇಲ್, ಶುಲ್ಕ ಕಟ್ಟಿದ ಬ್ಯಾಂಕ್ ಚೀಟಿ ಇದಕ್ಕೆ ಬದಲಾಗುವುದಿಲ್ಲ. ರಶೀದಿಯ ಮೇಲಿನ ಕೊನೆಯ ದಿನಾಂಕವೇ ಲೆಕ್ಕ. ಅದು ಅರ್ಜಿಯ ದಿನದಿಂದ ಓಡುತ್ತಿದ್ದರೆ, ವೀಸಾಗೆ ಕಾದ 40 ದಿನವೂ ಅದರಲ್ಲೇ ಕಳೆದುಹೋಗಿರುತ್ತದೆ. ಮೂಲ ದೇಶವನ್ನೇ ಆ ಧ್ವಜ ಒಪ್ಪಿಲ್ಲದಿದ್ದರೆ ಈ ಸೌಲಭ್ಯವೂ ಇಲ್ಲ. ಮುಗಿಯುವ ಮುನ್ನ ಎರಡನೇ ಅರ್ಜಿ ಹಾಕಿ ಹೊಸ ರಶೀದಿ ತೆಗೆಸುವ ‘ಉಪಾಯ’ವನ್ನೂ ಕೆಲವರು ಹೇಳಿಕೊಡುತ್ತಾರೆ. 3 ತಿಂಗಳ ಮಿತಿ ಇರುವುದು ಸೇವೆಗೆ, ರಶೀದಿಗಲ್ಲ. ಹಡಗೇರಿದ ದಿನ ಕ್ರೂ ಲಿಸ್ಟಿನಲ್ಲೇ ಇರುತ್ತದೆ.

ಅರ್ಜಿ ಯಾಕೆ ತಡವಾಗುತ್ತದೆ? ಎಂಡಾರ್ಸ್‌ಮೆಂಟ್ ಕೊಡುವ ಮುನ್ನ ಮೂಲ ಅಸಲಿಯೇ, ಚಾಲ್ತಿಯಲ್ಲಿದೆಯೇ ಅಂತ ಧ್ವಜ ಖಚಿತ ಮಾಡಿಕೊಳ್ಳಲೇಬೇಕು. ಕೊಟ್ಟ ದೇಶದ ಆನ್‌ಲೈನ್ ದಾಖಲೆಯಲ್ಲಿ ಸಿಕ್ಕರೆ ನಿಮಿಷಗಳ ಕೆಲಸ. ಸಿಗದಿದ್ದರೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕು. ಅರ್ಜಿ ಹಾಕುವ ಮುಂಚೆ ನೀವೇ ಆ ದಾಖಲೆಯಲ್ಲಿ ನಂಬರ್ ಹುಡುಕಿ ನೋಡಿ. ಅಲ್ಲಿ ಹಳೇ ದಿನಾಂಕ ಕಾಣುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು, ಸಿಒಸಿಯಲ್ಲಿ ಇನಿಷಿಯಲ್ ಸಮೇತ ಇದ್ದರೆ ಅರ್ಜಿ ವಾಪಸ್ ಬರುವುದು ಗ್ಯಾರಂಟಿ. ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲದಲ್ಲಿ 05/08 ಆಗಸ್ಟ್ ಆಗಿದ್ದದ್ದು ಮೇ ಆಗುವುದೂ ಉಂಟು.

ಮ್ಯಾನೇಜ್‌ಮೆಂಟ್ ಮಟ್ಟದವರಿಗೆ, ಅಂದರೆ ಮಾಸ್ಟರ್, ಚೀಫ್ ಮೇಟ್, ಚೀಫ್ ಎಂಜಿನಿಯರ್, ಸೆಕೆಂಡ್ ಎಂಜಿನಿಯರ್‌ಗೆ, ಧ್ವಜ ರಾಷ್ಟ್ರದ ಕಡಲ ಕಾನೂನಿನ ತಿಳಿವಳಿಕೆಯೂ ಬೇಕು. ಕೆಲವು ಧ್ವಜಗಳು ಓದಿ ಸಹಿ ಹಾಕಿದ ಘೋಷಣೆಗೆ ತೃಪ್ತ, ಕೆಲವು ಕೋರ್ಸನ್ನೇ ಕೇಳುತ್ತವೆ. ನಾರ್ವೆ ತನ್ನ ಕಾನೂನಿನ ಕೋರ್ಸ್ ಕೇಳುತ್ತದೆ. ಬ್ರಿಟನ್ ತನ್ನ ಮಾನ್ಯತೆಗೆ ಸಿಇಸಿ ಅನ್ನುತ್ತದೆ, ಅದರಲ್ಲಿ ಕಾನೂನು ಮತ್ತು ಆಡಳಿತ ಪದ್ಧತಿಯ ಭಾಗ ಬೇರೆಯೇ ಇದೆ. ಹೊಸ ಧ್ವಜಕ್ಕೆ ಮೊದಲ ಬಾರಿ ಹೋಗುವ ಮಾಸ್ಟರ್‌ಗೆ ಈ ದಿನಗಳನ್ನು ಬೇರೆಯಾಗಿ ಲೆಕ್ಕ ಹಾಕಿ.

ಲೈಬೀರಿಯಾದ ಮಾನ್ಯತೆ ತೋರಿಸಿ ಪನಾಮಾದ ಮಾನ್ಯತೆ ಪಡೆಯುವಂತಿಲ್ಲ. ಒಂದು ಮಾನ್ಯತೆಯನ್ನು ಆಧಾರವಾಗಿಟ್ಟು ಇನ್ನೊಂದನ್ನು ಕೊಡಬಾರದು ಅಂತ ನಿಯಮ ನೇರವಾಗಿ ಹೇಳುತ್ತದೆ. ಪ್ರತಿ ಸಲ ಮೂಲದಿಂದಲೇ ಶುರು.

ಹಡಗು ಮಧ್ಯದಲ್ಲಿ ಧ್ವಜ ಬದಲಿಸಿದಾಗ ಇದರ ಬಿಸಿ ಗೊತ್ತಾಗುತ್ತದೆ. ಮಾರಾಟವೋ ಹಣಕಾಸಿನ ಕಾರಣವೋ, ಹಳೇ ಧ್ವಜ ಇಳಿದ ಘಳಿಗೆಗೆ ಹಡಗಿನ ಎಲ್ಲ ಆಫೀಸರ್‌ಗಳ ಮಾನ್ಯತೆಯೂ ಆ ಹಡಗಿನ ಮಟ್ಟಿಗೆ ಬರೀ ಕಾಗದ. ತಾಂತ್ರಿಕ ವಿಭಾಗ ಸರ್ವೆ, ಹೆಸರು ಬರೆಸುವುದು, ಕಾಲ್ ಸೈನ್ ಎಲ್ಲ ನೆನಪಿಟ್ಟಿರುತ್ತದೆ, ಕ್ರೂಯಿಂಗ್‌ಗೆ ಸುದ್ದಿ ಕೊನೆಯ ವಾರದಲ್ಲಿ ಬರುತ್ತದೆ. ಅಷ್ಟೂ ಜನರ ಅರ್ಜಿ ಒಂದೇ ದಿನ ಹೋಗಬೇಕು, ರಶೀದಿಗಳು ಧ್ವಜ ಏರುವ ಮುನ್ನ ಹಡಗಿನಲ್ಲಿರಬೇಕು. ಹೊಸ ಸೇಫ್ ಮ್ಯಾನಿಂಗ್ ಡಾಕ್ಯುಮೆಂಟ್ ಹಳೆಯದರಂತೆಯೇ ಇರುತ್ತದೆ ಅಂತಲೂ ನಂಬಬೇಡಿ.

ದೇಶದ ಮಟ್ಟದಲ್ಲೇ ಮಾನ್ಯತೆ ಹೋಗುವುದೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಹೊರದೇಶದ ತರಬೇತಿ ಪದ್ಧತಿಯನ್ನು ಒಕ್ಕೂಟದ ಕಡಲ ಸುರಕ್ಷತಾ ಸಂಸ್ಥೆ ತಪಾಸಣೆ ಮಾಡುತ್ತದೆ, ತೀರ್ಮಾನ ಆಯೋಗದ್ದು. 2010ರಲ್ಲಿ ಜಾರ್ಜಿಯಾದ ಮಾನ್ಯತೆಯನ್ನು ಹಿಂತೆಗೆದುಕೊಂಡರು, 2013ರಲ್ಲಿ ಮರಳಿ ಕೊಟ್ಟರು. ಇಂಥ ಸಂದರ್ಭದಲ್ಲಿ ಒಕ್ಕೂಟದ ನಿಯಮ ಹೀಗಿದೆ: ಅದಕ್ಕೂ ಮೊದಲು ಕೊಟ್ಟ ಎಂಡಾರ್ಸ್‌ಮೆಂಟ್‌ಗಳು ಊರ್ಜಿತವಾಗಿಯೇ ಇರುತ್ತವೆ, ಆದರೆ ಮೇಲಿನ ದರ್ಜೆಗೆ ಮಾನ್ಯತೆ ಕೇಳುವಂತಿಲ್ಲ. ಆ ಬಡ್ತಿ ಬರೀ ಹೆಚ್ಚುವರಿ ಸಮುದ್ರ ಸೇವೆಯ ಮೇಲೆ ನಿಂತಿದ್ದರೆ ಮಾತ್ರ ವಿನಾಯಿತಿ. ಆಫೀಸರ್‌ಗಳ ಬಡ್ತಿ ಯೋಜನೆ ಮಾಡುವವರು ಗಮನಿಸಬೇಕಾದ ಸಾಲು ಇದು.

ಡಿಸ್ಪೆನ್ಸೇಷನ್ ಬೇರೆಯೇ ವಿಷಯ. ಅದು ತೀರಾ ಅಗತ್ಯ ಬಿದ್ದಾಗ, ಒಂದು ನಿರ್ದಿಷ್ಟ ಹಡಗಿಗೆ, 6 ತಿಂಗಳು ಮೀರದಂತೆ, ಕೆಳಗಿನ ಹುದ್ದೆಗೆ ಅರ್ಹನಾದವನನ್ನು ಒಂದು ಮೆಟ್ಟಿಲು ಮೇಲೆ ಕೂರಿಸುವ ವ್ಯವಸ್ಥೆ. ಮಾಸ್ಟರ್‌ಗೂ ಚೀಫ್ ಎಂಜಿನಿಯರ್‌ಗೂ ಅನಿವಾರ್ಯ ಆಪತ್ತಿನಲ್ಲಿ ಮಾತ್ರ. ತಡವಾದ ಮಾನ್ಯತೆಗೆ ಇದನ್ನು ಔಷಧಿಯಾಗಿ ಬಳಸಲು ಹೋಗಬೇಡಿ.

2025ರ ಜನವರಿ 1ರಿಂದ ಎಲೆಕ್ಟ್ರಾನಿಕ್ ಪ್ರಮಾಣಪತ್ರಕ್ಕೂ ಒಪ್ಪಂದದಲ್ಲಿ ಜಾಗ ಸಿಕ್ಕಿದೆ. ಮೊದಲು ಕಾಗದದ ಮೂಲವೇ ಹಡಗಿನಲ್ಲಿರಬೇಕಿತ್ತು. ಕೊಟ್ಟ ದೇಶವೇ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟದ್ದು ಬೇರೆ, ಕಾಗದದ ಸಿಒಸಿಯನ್ನು ಮನೆಯಲ್ಲಿಟ್ಟು ಅದರ ಸ್ಕ್ಯಾನನ್ನು ಫೋನಿನಲ್ಲಿ ಒಯ್ಯುವುದು ಬೇರೆ. ಎರಡನೆಯದು ಈಗಲೂ ಬರೀ ನಕಲು. ಎಲೆಕ್ಟ್ರಾನಿಕ್ ಆಗಿದ್ದರೂ ಪರಿಶೀಲನೆಯ ಕ್ಯೂಆರ್ ಕೋಡ್ ಇರುವ ಪುಟವನ್ನು ಮುದ್ರಿಸಿ ಕ್ಯಾಪ್ಟನ್ ಕೋಣೆಯ ಫೈಲಿನಲ್ಲಿಡಿ. ಇನ್‌ಸ್ಪೆಕ್ಟರ್ ಬಂದ ಹೊತ್ತಿಗೇ ಹಡಗಿನ ನೆಟ್ ಕೈಕೊಡುತ್ತದೆ. ಫೈಲಿನಲ್ಲಿ ಸಿಒಸಿ, ಅದರ ಹಿಂದೆಯೇ ಅದರ ಮಾನ್ಯತೆ, ಆಮೇಲೆ ಜಿಎಂಡಿಎಸ್ಎಸ್ ಮತ್ತು ಅದರ ಮಾನ್ಯತೆ, ಆಮೇಲೆ ಟ್ಯಾಂಕರ್‌ನ ಜೋಡಿ, ಹೀಗೆ ಜೋಡಿಜೋಡಿಯಾಗಿ ಜೋಡಿಸಿ. ಒಂದು ಕಡೆ ಜಾಗ ಖಾಲಿ ಇದ್ದರೆ ಆಫೀಸರ್ ವಿಮಾನ ಹತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ.